ಕಣ್ಣಿನೊಳಗಿನ ಗೇಟು

ಪತ್ರಿಕೆಗೆ ಬೆಲ್ಲದ ದರದ ವರದಿ ಮಾಡಲೆಂದು ಮಳವಳ್ಳಿ ಕಡೆಯ ಚಿಕ್ಕಪ್ಪನ ಆಲೆಮನೆಗೆ ಹೋಗಿದ್ದೆ. ಬಿಸಿಲಿನಿಂದ ಒಳಗೆ ಕಾಲಿಟ್ಟೆ. ಏನೂ ಕಾಣಲಿಲ್ಲ. ಕುದಿಯುವ ಕೊಪ್ಪರಿಗೆಯತ್ತಲೇ ನಡೆದೆ. ಚಿಕ್ಕಪ್ಪ ರಟ್ಟೆ ಹಿಡಿದು ಎಳೆದರು.

"ಮಟಮಟ ಮಧ್ಯಾಹ್ನಕ್ಕೇ ಏರಿಸ್ಕಂಡ್ ಬಂದಿದ್ದೀಯೇನ್ಲಾ?"

ನಾನು ಕುಡಿಯುವುದಿಲ್ಲ.

ಮಂಡ್ಯದ ಕಣ್ಣಿನ ಡಾಕ್ಟರಮ್ಮ ಪರೀಕ್ಷಿಸಿ, ರೆಟಿನೈಟಿಸ್ ಪಿಗ್ಮೆಂಟೋಸಾ ಎಂದರು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತದೆ. ಜೀನ್ ಟೆಸ್ಟ್ ರಿಪೋರ್ಟ್ ಬಂದ ದಿನ ಅವರು ಒಂದು ಕೋಶದ ಚಿತ್ರ ಬರೆದು ತೋರಿಸಿದರು. ಬೆಳಕು ಹಿಡಿಯುವ ಕೋಶಕ್ಕೆ ಎರಡು ಭಾಗ. ನಡುವೆ ಸಿಲಿಯಮ್ ಎಂಬ ಅತಿ ಸಣ್ಣ ಕೊಂಡಿ. ಒಂದು ಭಾಗದಲ್ಲಿ ತಯಾರಾದ ಪ್ರೋಟೀನು ಆ ದಾರಿಯಲ್ಲೇ ಇನ್ನೊಂದರಲ್ಲಿರುವ ಬೆಳಕು ಹಿಡಿಯುವ ಪೊರೆಗೆ ಹೋಗಬೇಕು. ಬೇಡದ್ದು ನುಸುಳಿದರೆ ಹಿಂದಕ್ಕೆ ಬರಬೇಕು.

"ನಿಮ್ಮಲ್ಲಿ ಈ ವಾಪಸ್ ಕಳಿಸೋ ಕೆಲಸ ಕೆಟ್ಟಿದೆ. ಬೇಡದ್ದೆಲ್ಲ ಪೊರೆಯಲ್ಲಿ ಸೇರ್ಕೊಂಡು ಕೋಶ ನಿಧಾನವಾಗಿ ಸಾಯುತ್ತೆ."

ಕಬ್ಬು ಅರೆಯುವ ಕಾಲದ ಸಕ್ಕರೆ ಕಾರ್ಖಾನೆಯ ಅಂಗಳ ನೆನಪಾಯಿತು. ದಾರಿ ತಪ್ಪಿ ಬಂದ ಲಾರಿಗಳನ್ನು ಯಾರೂ ಗೇಟಿನಾಚೆ ಕಳಿಸದಿದ್ದರೆ ಕಬ್ಬಿನ ಗಾಡಿಗಳಿಗೆ ಜಾಗವೆಲ್ಲಿ? ಹೆದರಬೇಕಿತ್ತು. ಆದರೆ ವರ್ಷಗಟ್ಟಲೆ ಎಡವಿದ್ದಕ್ಕೆ ಇಷ್ಟು ಸ್ಪಷ್ಟವಾದ ಕಾರಣ ಸಿಕ್ಕಿದ ಸಡಗರದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಒಂದನ್ನು ಮಾತ್ರ ಕೇಳಲು ನಾಲಿಗೆ ಏಳಲಿಲ್ಲ. ಹೆಂಡತಿ ಸುಮಾ ಕೇಳಿದಳು.

"ನಮ್ ಮಗಳಿಗೂ ಬರುತ್ತಾ?"

ಡಾಕ್ಟರಮ್ಮ ನನ್ನ ತಂದೆತಾಯಿಯ ಬಗ್ಗೆ ವಿಚಾರಿಸಿದರು. ಅವ್ವ ಮದುವೆಯಾದದ್ದು ತನ್ನ ಸೋದರಮಾವನನ್ನೇ. ನಮ್ಮಲ್ಲಿ ಅದು ವಾಡಿಕೆ. ಒಂದೇ ಮನೆತನದ ಕೆಟ್ಟ ಜೀನು ಇಬ್ಬರಿಂದಲೂ ನನಗೆ ಬಂದಿತ್ತು. ಸುಮಾ ಯಲಿಯೂರಿನವಳು, ನಮಗೆ ರಕ್ತಸಂಬಂಧವಿಲ್ಲ. ಅವಳ ರಕ್ತವನ್ನೂ ಪರೀಕ್ಷೆಗೆ ಕಳಿಸಿ ಕಾದೆವು.

ದೋಷ ಇರಲಿಲ್ಲ.

"ಮಗಳು ನಿಮ್ಮ ಒಂದು ಜೀನು ಹೊತ್ತಿರ್ತಾಳೆ, ಅಷ್ಟೆ. ಅವಳ ಕಣ್ಣಿಗೆ ಭಯವಿಲ್ಲ. ಮದುವೆ ಮಾತ್ರ ನಿಮ್ಮ ಸಂಬಂಧದಲ್ಲಿ ಬೇಡ," ಎಂದರು.

ಮಗಳು ಚಂದನಾಳನ್ನು ನನ್ನ ಅಕ್ಕನ ಮಗನಿಗೆ ಕೊಡುವುದಾಗಿ ಅವ್ವ ಆಗಲೇ ಮಾತು ಕೊಟ್ಟಿದ್ದಳು. ಅವಳಿಗೆ ಎಲ್ಲ ಹೇಳಿದೆ.

"ನಿಮ್ಮಕ್ಕಂಗೆ ನಾನೇ ಯೋಳ್ತೀನಿ ಬುಡು," ಎಂದಳು. ಆಮೇಲೆ ಸುಮಾ ಕಡೆ ತಿರುಗಿ, "ಗಂಡು ದೂರದಲ್ಲೇ ಉಡುಕು ಕಣಮ್ಮ. ಮದ್ದೂರು ದಾಟ್ಲಿ."

"ಮೊದ್ಲು ನನ್ನ ಕಾಲೇಜ್ ಪರೀಕ್ಷೆ ದಾಟ್ಲಿ ಇರಜ್ಜಿ," ಎಂದಳು ಚಂದನಾ.

ನನಗೆ ಸದ್ಯಕ್ಕೆ ಔಷಧಿಯಿಲ್ಲ. ಬೈಕ್ ಬಿಟ್ಟಿದ್ದೇನೆ. ಹಗಲಿನಲ್ಲಿ ಬರೆಯುವಷ್ಟು ನೋಟ ಉಳಿದಿದೆ, ನನಗೆ ಅದೇ ದೊಡ್ಡದು.

ನಿನ್ನೆ ಸಂಜೆ ಕರೆಂಟು ಹೋಯಿತು. ನಾನು ಕುರ್ಚಿಯಲ್ಲೇ ಉಳಿದೆ. ಚಂದನಾ ನಡುಮನೆ ದಾಟಿ ಅಡುಗೆಮನೆಗೆ ಹೋದಳು. ಎಲ್ಲೂ ತಡವರಿಸದ ಆ ಹೆಜ್ಜೆಗಳನ್ನು ಕೇಳುತ್ತ ಕುಳಿತಿದ್ದೆ.