ಸ್ವಿಚ್ಚಕ್ಕನ ಸಂಸಾರ

ಜೀವಕೋಶದೊಳಗೆ ಯಾವ ಜೀನ್ ಯಾವಾಗ ಆನ್ ಆಗುತ್ತದೆ, ಯಾವಾಗ ಆಫ್ ಆಗುತ್ತದೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುವ ಈ ಸಂಶೋಧನಾ ವಿದ್ಯಾರ್ಥಿನಿಗೆ ಕಿರಿಯರು ಇಟ್ಟ ಹೆಸರು ಸ್ವಿಚ್ಚಕ್ಕ. ಲ್ಯಾಬಿಗೆ ರಜೆಯಿದ್ದರೂ ಅವಳಿಗಿಲ್ಲ. ತಟ್ಟೆಗಳಲ್ಲಿ ಸಾಕಿದ ಕೋಶಗಳಿಗೆ ಹಳೆಯ ಪೋಷಕದ್ರವ ತೆಗೆದು ಹೊಸದು ಹಾಕಬೇಕು. ಸ್ವಂತ ಅಣ್ಣನ ಮದುವೆಯಿಂದಲೂ "ಮಕ್ಕಳು ಹಸ್ಕೊಂಡಿರ್ತಾವೆ" ಎಂದು ಅರ್ಧದಲ್ಲೇ ಎದ್ದು ಬಂದ ಮಹಾತಾಯಿ. ತಟ್ಟೆಗೆ ತೀರಾ ಕಡಿಮೆ ಕೋಶ ಹಾಕಿದವರ ಗ್ರಹಚಾರ ಬಿಡಿಸುತ್ತಾಳೆ: "ಅಕ್ಕಪಕ್ಕ ಯಾರೂ ಇಲ್ದಿದ್ರೆ ಅದಕ್ಕೆ ಬದುಕೋ ಜೀನೇ ಆನ್ ಆಗಲ್ಲ ಕಣ್ರೋ, ಸೊರಗಿ ಸಾಯುತ್ತೆ!" ಮೊನ್ನೆ ಭಾನುವಾರ ಇಡೀ ಕಟ್ಟಡ ಬಿಕೋ ಎನ್ನುತ್ತಿತ್ತು. ಬಾಗಿಲು ಕಾಯುವ ಮುದುಕ ಕೇಳಿದ, "ಊಟ ಆಯ್ತಾ ಮಗಳೇ?" ಅವಳು ಕೈಗವಸು ಕಳಚುತ್ತಾ ಹೇಳಿದಳು, "ಹೂಂ ತಾತ, ಅವುಗಳದೆಲ್ಲ ಆಯ್ತು."