ಸೂಟ್‌ಕೇಸಿನಲ್ಲಿ ಕುಕ್ಕರ್

ನಾವಿರುವ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಿಂದ ಸ್ಪೇನಿನ ಕಡಲತೀರಕ್ಕೆ ಒಂದು ವಾರದ ರಜೆಗೆ ಹೊರಟಾಗ ನನ್ನ ಗಂಡ ಸೂಟ್‌ಕೇಸಿಗೆ ಮೊದಲು ತುಂಬಿದ್ದು ಕುಕ್ಕರ್ ಮತ್ತು ಕುಚ್ಚಲಕ್ಕಿ. "ಅಲ್ಲಿಯ ಊಟ ನಂಗೆ ಆಗುದಿಲ್ಲ ಮಾರಾಯ್ತಿ" ಎಂದರು.

ಅಲ್ಲಿ ಅವರು ಮಕ್ಕಳೊಂದಿಗೆ ದಿನವೂ ಕೋಟೆ, ಗುಹೆ, ದೋಣಿ ಎಂದು ಸುತ್ತಿದರು. ನಾನು ಬಾಡಿಗೆ ಮನೆಯ ಒಲೆಯ ಮುಂದೆ ಸೀಟಿ ಎಣಿಸುತ್ತಾ ನಿಂತೆ. ಐದನೆಯ ದಿನ ಅವರು "ನಾಳೆ ಒಂದು ಪಲ್ಯ ಸಹ ಮಾಡು" ಎಂದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಮರುದಿನ ಕುಕ್ಕರನ್ನು ಅವರ ಕೈಗೆ ತುರುಕಿ ಸಮುದ್ರದ ಕಡೆ ನಡೆದೆ. ನೀರಿಗೆ ಕಾಲಿಡುವಷ್ಟರಲ್ಲಿ ಅವರ ಫೋನ್ ಬಂತು: "ಅಕ್ಕಿಗೆ ನೀರು ಎಷ್ಟು ಹಾಕುದು?"

ಹದಿನಾರು ವರ್ಷ ನನ್ನ ಕೈಯ ಅನ್ನ ಉಂಡ ಮನುಷ್ಯ! ಫೋನ್ ಆಫ್ ಮಾಡಿ, ಗುಹೆಗೆ ಹೋಗುವ ದೋಣಿಗೆ ಒಂದೇ ಒಂದು ಟಿಕೆಟ್ ಕೊಂಡೆ.