ಮೊದಲ ಮಾತ್ರೆ ನರ್ಸಮ್ಮನಿಗೆ

ನರ್ಸಮ್ಮನ ನಾಲಿಗೆ ಚೆನ್ನಾಗಿ ನೆನಪಿದೆ: ಎಲೆಯಡಿಕೆಯಿಂದ ಕೆಂಪಾದ, ನಡುವೆ ಸೀಳುಬಿದ್ದ ನಾಲಿಗೆ. ಉಳಿದುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನು ಜೋಡಿಸಿಕೊಂಡದ್ದೆಷ್ಟು, ಹೇಳಲಾರೆ.

ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಎಂ.ಎ. ಓದುತ್ತಿದ್ದೆ. ಅವರು ಮನೋರೋಗಿಗಳ ವಾರ್ಡಿನಲ್ಲಿ ದುಡಿದು ನಿವೃತ್ತರಾಗಿದ್ದರು. ಬೀದಿಯ ತಿರುವಿನಲ್ಲಿ ಮುಚ್ಚಿಹೋದ ಅಚ್ಚುಕೂಟವೊಂದಿತ್ತು. ಹಿಂದೆ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನೊಬ್ಬ ಈಗ ಅದರ ಜಗಲಿಯಲ್ಲೇ ಮಲಗುತ್ತಿದ್ದ. ಸಾರಾಯಿ ಕುಡಿಯುತ್ತಿದ್ದ. ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಬಸ್ಸುಗಳ ನಡುವೆ ಓಡುತ್ತಿದ್ದ. ನರ್ಸಮ್ಮ ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ಬರೆಸಿಕೊಂಡು ಬಂದರೆ, ಅದರಲ್ಲಿ ವಿಷವಿದೆಯೆಂದು ನುಂಗಲೊಲ್ಲ. ಹೀಗೇ ಬಿಟ್ಟರೆ ಒಂದು ದಿನ ಬಸ್ಸಿನಡಿಗೆ ಬೀಳುತ್ತಾನೆಂದು ಬೀದಿಗೆಲ್ಲ ಗೊತ್ತಿತ್ತು.

"ಕಾಫಿಲಿ ಕಲಸಿ ಕೊಟ್ಬಿಡಿ ನರ್ಸಮ್ಮ, ಅವನಿಗೇನ್ ಗೊತ್ತಾಗುತ್ತೆ?" ಎಂದೆ.

"ಗೊತ್ತಾದ ದಿನ ನನ್ ಕೈಯಿಂದ ನೀರೂ ಕುಡಿಯಲ್ಲ ಕಣಯ್ಯ. ಆಮೇಲೆ ಅವ್ರಿಗೆ ಯಾರಿದಾರೆ?"

ಬೀದಿಯೆಲ್ಲ ಏಕವಚನದಲ್ಲಿ ಕೂಗುತ್ತಿದ್ದವನನ್ನು ಅವರು ಬಹುವಚನದಲ್ಲೇ ಮಾತನಾಡಿಸುತ್ತಿದ್ದರು. ಸಂಜೆ ಊಟದ ಡಬ್ಬಿಯೊಂದಿಗೆ ಅವನ ಪಕ್ಕ ಕೂತು ಮೊದಲು ಮೂಸಿ ನೋಡುವರು. "ಕುಡಿದಿದೀರಾ? ಹಾಗಾದ್ರೆ ಇವತ್ತು ಊಟ ಮಾತ್ರ, ಮಾತ್ರೆ ಬೇಡ."

ಕುಡಿಯದ ಒಂದು ಸಂಜೆ ಅವನು ಮಾತ್ರೆಯನ್ನು ಅವರತ್ತಲೇ ಚಾಚಿದ. ಕಾಲೇಜಿನಿಂದ ಬರುತ್ತಿದ್ದ ನಾನು ನಿಂತು ನೋಡಿದೆ.

"ಮೊದ್ಲು ನೀವ್ ನುಂಗಿ."

ಅವರು ಬಾಯಿಗೆ ಹಾಕಿ ನೀರು ಕುಡಿದರು. ವಾರ್ಡಿನಲ್ಲಿ ರೋಗಿಗಳಿಂದ ಮಾಡಿಸುತ್ತಿದ್ದಂತೆ ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದರು.

"ದವಡೆ ಸಂದಿ?"

"ನೋಡ್ಕೊಳ್ಳಿ ಡಾಕ್ಟ್ರೇ."

ಅವನು ನಕ್ಕನೆಂದು ನನ್ನ ನೆನಪು. ಇನ್ನೊಂದು ಮಾತ್ರೆ ನುಂಗಿದ್ದಂತೂ ಹೌದು. ಕೆಲವು ವಾರ ಹೀಗೇ ನಡೆದು, ಆಮೇಲೆ ಅವನು ತಾನಾಗಿ ಕೈಯೊಡ್ಡತೊಡಗಿದ. ಓಟ ನಿಂತಿತು. ಕುಡಿತ ಪೂರ್ತಿ ನಿಲ್ಲಲಿಲ್ಲ.

ನಾನಂತೂ ಅದನ್ನು ಕೈಚಳಕವೆಂದೇ ತಿಳಿದಿದ್ದೆ. ಅಷ್ಟು ವರ್ಷ ರೋಗಿಗಳ ಬಾಯಿ ತಪಾಸಣೆ ಮಾಡಿದವರಿಗೆ ಮಾತ್ರೆ ಎಲ್ಲಿ ಅಡಗಿಸಬೇಕೆಂದು ತಿಳಿಯದೇ? ಕೇಳಿದರೆ, "ಓದೋದ್ ನೋಡ್ಕೋ ಹೋಗು" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯಿಂದೀಚೆಗೆ ಅವರು ತೀರಿಕೊಂಡರು. ಸಮಾರಾಧನೆಯ ದಿನ, ಕೊನೆಯವರೆಗೂ ಜೊತೆಗಿದ್ದ ಅವರ ತಂಗಿಯನ್ನು ಕೇಳಿಯೇಬಿಟ್ಟೆ.

"ನುಂಗ್ತಿದ್ಳಪ್ಪ, ಡಾಕ್ಟ್ರು ಬೈದ್ರೂ ಬಿಡ್ಲಿಲ್ಲ. ಮನೆಗೆ ಬಂದು ಸೀರೆನೂ ಬದಲಾಯಿಸದೆ ಗೋಡೆಗೊರಗಿ ನಿದ್ದೆ. ಬೆಳಗ್ಗೆ ಮಾತೇ ತೊದಲೋದು. ಆ ವಾರಗಳೆಲ್ಲ ಅಡಿಗೆ ನಂದೇ."